ಐದು ಡಾಲರಿಗೆ ಒಂದು ಪಿಕಾಸೊ

ಚಿತ್ರವನ್ನು ನೋಡುವುದು ಬೇರೆ, ಚಿತ್ರದೊಡನೆ ವಾಸಮಾಡುವುದು ಬೇರೆ. ನಮ್ಮ ಹಿರಿಯರ ನಡುಮನೆಗಳಲ್ಲಿ ಕಟ್ಟು ಹಾಕಿಸಿ, ಗೋಡೆಯಿಂದ ತುಸು ಮುಂದಕ್ಕೆ ಬಾಗಿರುವಂತೆ ತೂಗುಹಾಕಿದ್ದ ರವಿವರ್ಮನ ಲಕ್ಷ್ಮೀ ಸರಸ್ವತಿಯರ ಪಟಗಳನ್ನು ಯಾರೂ ಹೊತ್ತು ಗೊತ್ತುಮಾಡಿಕೊಂಡು ನೋಡಲು ಹೋಗುತ್ತಿರಲಿಲ್ಲ. ಆದರೂ ಆ ಮನೆಯಲ್ಲಿ ಬೆಳೆದ ಮಗುವಿಗೆ ಆ ಸೀರೆಯ ನಿರಿಗೆ, ಆ ವೀಣೆಯ ಓರೆ, ಆ ಕಮಲದ ಎಸಳು ಮುಪ್ಪಿನವರೆಗೂ ಮರೆಯವು. ಉಣ್ಣುವಾಗ, ಓದುವಾಗ, ಜ್ವರ ಬಂದು ಮಲಗಿದಾಗ ಕಣ್ಣು ತಾನಾಗಿ ಅತ್ತ ಹೊರಳಿ ಹೊರಳಿ ಆ ಚಿತ್ರ ಮನಸ್ಸಿನ ಗೋಡೆಗೂ ಒಂದು ಮೊಳೆ ಹೊಡೆದುಕೊಂಡು ನಿಂತುಬಿಟ್ಟಿರುತ್ತದೆ.

ವಸ್ತುಸಂಗ್ರಹಾಲಯದ ಚಿತ್ರದ ಪಾಡು ಹಾಗಲ್ಲ. ಅದರ ಮುಂದೆ ಹಗ್ಗ ಕಟ್ಟಿರುತ್ತದೆ. ಹಗ್ಗದ ಬಳಿ ಕಾವಲಿನವನು ನಿಂತಿರುತ್ತಾನೆ. 'ಮುಟ್ಟಕೂಡದು' ಎಂಬ ಹಲಗೆ ತೂಗುತ್ತಿರುತ್ತದೆ. ನಾವು ಅರ್ಧ ನಿಮಿಷ ನಿಂತು, ಕೆಳಗಿನ ಹೆಸರನ್ನು ಓದಿ, 'ಓಹೋ' ಎಂದುಕೊಂಡು ಮುಂದಿನ ಚಿತ್ರಕ್ಕೆ ನಡೆಯುತ್ತೇವೆ. ಹೀಗೆ ಇನ್ನೂರು ಚಿತ್ರಗಳನ್ನು 'ಮುಗಿಸಿ' ಹೊರಗೆ ಬಂದಾಗ ಕಾಲು ನೋಯುತ್ತಿರುತ್ತದೆ. ನೆನಪಿನಲ್ಲಿ ಉಳಿದದ್ದು ಒಂದೋ ಎರಡೋ. ಬೆಲೆಯುಳ್ಳ ವಸ್ತುಗಳನ್ನು ಕಾಪಾಡಬೇಕಾದರೆ ಇಷ್ಟು ದೂರ ಅನಿವಾರ್ಯವೆಂದು ಸಂಗ್ರಹಾಲಯದವರು ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಕಾಪಾಡುವುದು ಯಾರಿಗಾಗಿ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಅಮೆರಿಕದ ಒಂದು ಸಣ್ಣ ಊರಿನ ಕಾಲೇಜು ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಊರು ಮತ್ತು ಮಂದಿರ

ಓಹಾಯೋ ಸಂಸ್ಥಾನದ ಓಬರ್ಲಿನ್ ಎಂಬುದು ದೊಡ್ಡ ಪಟ್ಟಣವೇನಲ್ಲ. ಹೊಲಗದ್ದೆಗಳ ನಡುವಿನ ಸಾಧಾರಣ ಊರು. ೧೮೩೩ರಲ್ಲಿ ಅಲ್ಲಿ ಸ್ಥಾಪಿತವಾದ ಕಾಲೇಜಿಗೆ ಮಾತ್ರ ಅಮೆರಿಕದ ಇತಿಹಾಸದಲ್ಲಿ ಗೌರವದ ಸ್ಥಾನವಿದೆ. ಗುಲಾಮಗಿರಿ ಇನ್ನೂ ಜೀವಂತವಾಗಿದ್ದ ಕಾಲದಲ್ಲಿ, ೧೮೩೫ರಲ್ಲಿಯೇ, ಕರಿಯ ಜನಾಂಗದ ವಿದ್ಯಾರ್ಥಿಗಳಿಗೆ ಅದು ಬಾಗಿಲು ತೆರೆಯಿತು. ಎರಡು ವರ್ಷಗಳ ತರುವಾಯ ಗಂಡಸರ ಸರಿಸಮನಾಗಿ ಪದವಿ ತರಗತಿಗೆ ಹೆಂಗಸರನ್ನು ಸೇರಿಸಿಕೊಂಡಿತು. ಬಾಗಿಲು ತೆರೆಯುವ ಈ ಅಭ್ಯಾಸ ಆ ವಿದ್ಯಾಸಂಸ್ಥೆಗೆ ಹುಟ್ಟಿನಿಂದ ಬಂದದ್ದೆಂದು ಕಾಣುತ್ತದೆ.

ಕಾಲೇಜಿನ ಕಲಾಸಂಗ್ರಹಾಲಯವಾದ ಆಲೆನ್ ಸ್ಮಾರಕ ಮಂದಿರ ೧೯೧೭ರಲ್ಲಿ ಆರಂಭವಾಯಿತು. ಅಲ್ಲಿಯೇ ಓದಿ ವೈದ್ಯನಾಗಿ ಹೆಸರು ಗಳಿಸಿದ್ದ ಡಡ್ಲಿ ಪೀಟರ್ ಆಲೆನ್ ಎಂಬ ಶಸ್ತ್ರಚಿಕಿತ್ಸಕನ ನೆನಪಿಗಾಗಿ ಅವನ ಪತ್ನಿ ಕೊಟ್ಟ ಹಣ ಅದಕ್ಕೆ ಆಧಾರ. ಕಟ್ಟಡದ ನಕ್ಷೆಯನ್ನು ಬರೆದವನು ಕ್ಯಾಸ್ ಗಿಲ್ಬರ್ಟ್. ನ್ಯೂಯಾರ್ಕಿನಲ್ಲಿ ೧೯೧೩ರಲ್ಲಿ ಮುಗಿದು ಆಗ ಜಗತ್ತಿನ ಅತ್ಯಂತ ಎತ್ತರದ ಕಟ್ಟಡವೆನಿಸಿದ ವುಲ್ವರ್ತ್ ಸೌಧವೂ ಇವನದೇ. ಅಲ್ಲಿ ಮುಗಿಲಿಗೆ ಏಣಿ ಹಾಕಿದವನು ಇಲ್ಲಿ ನೆಲಕ್ಕೆ ಹತ್ತಿರವಾದ, ಇಟಲಿಯ ಪುನರುಜ್ಜೀವನ ಕಾಲದ ಮನೆಗಳನ್ನು ನೆನಪಿಗೆ ತರುವ ಕಮಾನುಗಳ ಮಂದಿರವನ್ನು ರಚಿಸಿದ. ಅದರ ಮುಂಭಾಗದಲ್ಲಿ ಆಂಗ್ಲ ಕವಿಯೂ ಕುಶಲಕರ್ಮಿಯೂ ಆದ ವಿಲಿಯಂ ಮಾರಿಸನ ಒಂದು ಮಾತನ್ನು ಕೆತ್ತಲಾಗಿದೆ. ಕಲೆಯ ಪಕ್ಷವೂ ಜನತೆಯ ಪಕ್ಷವೂ ಒಂದೇ ಎಂಬುದು ಅದರ ಭಾವ.

ಕಟ್ಟಡದ ಹಣೆಯ ಮೇಲೆ ಉದಾತ್ತವಾದ ಮಾತನ್ನು ಕೆತ್ತಿಸುವುದು ಕಷ್ಟವಲ್ಲ. ಕಲ್ಲುಕುಟಿಗನ ಕೂಲಿ ಕೊಟ್ಟರೆ ಸಾಕು. ಆ ಮಾತನ್ನು ನಡೆಸಿಕೊಡುವುದು ಕಷ್ಟ. ಓಬರ್ಲಿನ್ನಿನಲ್ಲಿ ಅದನ್ನು ನಡೆಸಿದವರು ಮೊದಲಿಗೆ ಧನಿಕರಲ್ಲ, ಅಧಿಕಾರಿಗಳಲ್ಲ. ಪುಸ್ತಕ ಕೊಡುವ ಕೆಲಸದಲ್ಲಿದ್ದ ಒಬ್ಬ ತರುಣಿ.

ಪುಸ್ತಕದಂತೆ ಚಿತ್ರವೂ

ಎಲೆನ್ ಜಾನ್ಸನ್ ಹುಟ್ಟಿದ್ದು ೧೯೧೦ರಲ್ಲಿ. ಓಬರ್ಲಿನ್ನಿನಲ್ಲಿಯೇ ಪದವಿ ಪಡೆದು, ಹೊರಗೆ ಕೆಲವು ಕಾಲ ಕೆಲಸಮಾಡಿ, ೧೯೩೯ರಲ್ಲಿ ಕಾಲೇಜಿನ ಕಲಾ ಪುಸ್ತಕಭಂಡಾರದ ಹೊಣೆ ಹೊತ್ತು ಹಿಂದಿರುಗಿದರು. ಮರುವರ್ಷ, ೧೯೪೦ರಲ್ಲಿ, ಅವರು ಆರಂಭಿಸಿದ ಏರ್ಪಾಡು ಕೇಳುವುದಕ್ಕೆ ಬಹು ಸರಳ. ಪುಸ್ತಕವನ್ನು ಮನೆಗೆ ಕೊಡುತ್ತೇವಷ್ಟೆ. ಚಿತ್ರವನ್ನೂ ಏಕೆ ಕೊಡಬಾರದು? ಎರವಲಿಗೆ ಕೊಡಲೆಂದೇ ಕೃತಿಗಳ ಒಂದು ಪ್ರತ್ಯೇಕ ಸಂಗ್ರಹ ಮಾಡುವುದು. ಪ್ರತಿ ಟರ್ಮಿನ ಆರಂಭದಲ್ಲಿ ಅವನ್ನು ವಿದ್ಯಾರ್ಥಿಗಳಿಗೆ ಅಲ್ಪ ಬಾಡಿಗೆಗೆ ಕೊಡುವುದು. ಟರ್ಮಿನ ಕೊನೆಯಲ್ಲಿ ಹಿಂದಕ್ಕೆ ಪಡೆಯುವುದು. ಇಷ್ಟೇ.

ಆ ಸಂಗ್ರಹ ಕಾಲಕ್ರಮದಲ್ಲಿ ಸುಮಾರು ೪೦೦ ಕೃತಿಗಳಿಗೆ ಬೆಳೆಯಿತು. ಪಿಕಾಸೊ, ಶಗಾಲ್, ವಾರ್ಹೋಲ್ ಮೊದಲಾದವರ ಹೆಸರುಗಳು ಅದರಲ್ಲಿವೆ. ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಇವು ಪತ್ರಿಕೆಗಳಲ್ಲಿ ಬರುವಂಥ ನಕಲು ಚಿತ್ರಗಳಲ್ಲ. ಕಲಾವಿದನೇ ಕಲ್ಲಿನ ಮೇಲೆ ಬರೆದು ಅಥವಾ ತಾಮ್ರದ ತಗಡಿನ ಮೇಲೆ ಗೀರಿ, ಅದರಿಂದ ಎಣಿಕೆಗೆ ಸಿಕ್ಕುವಷ್ಟು ಪ್ರತಿಗಳನ್ನು ಮಾತ್ರ ತೆಗೆಯುವ ಅಚ್ಚಿನ ಕೃತಿಗಳೇ ಇಂಥ ಎರವಲಿಗೆ ಹೆಚ್ಚಾಗಿ ಒದಗುವುವು. ಅಂಥ ಪ್ರತಿಯೊಂದು ಪ್ರತಿಯೂ ಮೂಲಕೃತಿಯೇ. ಹಾಗಿದ್ದೂ ಒಂದು ಟರ್ಮಿಗೆ ಒಂದು ಚಿತ್ರಕ್ಕೆ ಬಹುಕಾಲ ನಡೆದುಬಂದಿರುವ ಬಾಡಿಗೆ ಕೇವಲ ಐದು ಡಾಲರು. ಒಬ್ಬರಿಗೆ ಎರಡು ಚಿತ್ರಗಳು. ವಿದ್ಯಾರ್ಥಿಗಳಿಗಷ್ಟೇ ಅಲ್ಲ, ಊರಿನವರಿಗೂ ಈ ಅವಕಾಶ ದೊರೆತಿದೆ.

ಚಿತ್ರಗಳನ್ನು ಕೊಡುವುದು ಬಂದವರ ಸರದಿಯಂತೆ. ಹಣವಂತನಿಗೆ ಮೊದಲಿಲ್ಲ, ಕಲಾಶಾಸ್ತ್ರ ಓದುವವನಿಗೆ ಮೊದಲಿಲ್ಲ. ಮೊದಲು ಬಂದವನಿಗೆ ಮೊದಲು. ಆದುದರಿಂದ ಹಿಂದಿನ ರಾತ್ರಿಯೇ ಹುಡುಗ ಹುಡುಗಿಯರು ಹೊದಿಕೆ, ದಿಂಬು, ಸಣ್ಣ ಡೇರೆಗಳನ್ನು ಹೊತ್ತುಕೊಂಡು ಸಂಗ್ರಹಾಲಯದ ಹೊರಗೆ ಬಂದು ಮಲಗುವುದು ಅಲ್ಲಿನ ಒಂದು ಸಂಪ್ರದಾಯವಾಗಿಬಿಟ್ಟಿದೆ. ಜಾತ್ರೆಯ ಹಿಂದಿನ ರಾತ್ರಿ ದೇವಸ್ಥಾನದ ಪ್ರಾಕಾರದಲ್ಲಿ ಮಲಗಿ, ಬೆಳಗಿನ ದರ್ಶನಕ್ಕೆ ಕಾಯುವ ಜನರನ್ನು ಕಂಡ ನಮಗೆ ಆ ದೃಶ್ಯವನ್ನು ಊಹಿಸಿಕೊಳ್ಳುವುದು ಕಷ್ಟವಾಗದು. ಬೆಳಿಗ್ಗೆ ಬಾಗಿಲು ತೆರೆದಾಗ ಸರದಿಯಲ್ಲಿ ಮೊದಲಿಗನಾದವನು ಓಡುವುದು ಪಿಕಾಸೊ ಇರುವ ಗೋಡೆಗೇ ಆಗಬೇಕೆಂದಿಲ್ಲ. ಹೆಸರು ಕೇಳದ ಯಾವನೋ ಕಲಾವಿದನ ಒಂದು ಮರದ ಚಿತ್ರ ಹೋದ ವರ್ಷದಿಂದ ಅವನ ಕಣ್ಣಲ್ಲಿ ಕೂತಿದ್ದರೆ ಅದೇ ಅವನಿಗೆ ಪಿಕಾಸೊ.

ಈ ಏರ್ಪಾಡನ್ನು ಕೇಳಿದ ಕೂಡಲೇ ಯಾರ ಮನಸ್ಸಿನಲ್ಲಾದರೂ ಮೂಡುವ ಆಕ್ಷೇಪವೊಂದಿದೆ. ವಿದ್ಯಾರ್ಥಿನಿಲಯದ ಕೋಣೆ ಎಂದರೆ ನಮಗೆ ತಿಳಿಯದ್ದೇ? ಹಗ್ಗದ ಮೇಲೆ ಒದ್ದೆ ಟವಲು. ಮೇಜಿನ ಮೇಲೆ ಕಾಫಿಯ ಲೋಟ. ಪರೀಕ್ಷೆ ಮುಗಿದ ರಾತ್ರಿಯ ಕುಣಿತ. ಹತ್ತೊಂಬತ್ತು ವರ್ಷದ ಹುಡುಗನ ಕೈಗೆ ಅಪೂರ್ವವಾದ ಕೃತಿಯನ್ನು ಒಪ್ಪಿಸುವುದು ವಿವೇಕವೇ? ಗಾಜು ಒಡೆಯಬಹುದು, ಬಿಸಿಲು ತಾಗಿ ಬಣ್ಣ ಮಾಸಬಹುದು, ಕಾಗದಕ್ಕೆ ತೇವ ಹಿಡಿಯಬಹುದು. ಅಪಾಯ ನಿಜವಾದದ್ದೇ. ಜಾನ್ಸನ್ ಅವರ ಏರ್ಪಾಡಿನ ತಿರುಳಿರುವುದು ಆ ಅಪಾಯವನ್ನು ಅರಿತೂ ಒಪ್ಪಿಕೊಂಡದ್ದರಲ್ಲಿ. ನಂಬಿ ಕೊಟ್ಟಾಗ ತರುಣರು ಆ ನಂಬಿಕೆಯ ತೂಕವನ್ನು ತಾವೇ ಹೊರಲು ಕಲಿಯುತ್ತಾರೆ. ಚಿತ್ರವನ್ನು ಯಾವ ಗೋಡೆಗೆ ತೂಗುಹಾಕಬೇಕು, ಕಿಟಕಿಯ ಬಿಸಿಲು ಎಲ್ಲಿಯವರೆಗೆ ಬರುತ್ತದೆ ಎಂದು ಮೊದಲ ಬಾರಿಗೆ ಯೋಚಿಸುವ ಹುಡುಗ ಆ ಕ್ಷಣದಲ್ಲಿಯೇ ಸಂಗ್ರಹಾಲಯದ ಪಾಲಕನೂ ಆಗುತ್ತಾನೆ. ಉಪನ್ಯಾಸದಿಂದ ಇದನ್ನು ಕಲಿಸಲಾಗದು. ಎಂಬತ್ತು ವರ್ಷಗಳಿಗೂ ಮೀರಿ ಬಾಳಿದ ಪದ್ಧತಿ ಬರಿಯ ಹುಚ್ಚುಸಾಹಸವಾಗಿರಲಾರದು.

ಅಲ್ಲದೆ ನಾಲ್ಕು ತಿಂಗಳ ಒಡನಾಟ ಚಿತ್ರವನ್ನೂ ಪರೀಕ್ಷಿಸುತ್ತದೆ. ಮೊದಲ ನೋಟಕ್ಕೆ ಬೆರಗುಗೊಳಿಸಿದ ಕೃತಿ ಮೂರನೆಯ ವಾರಕ್ಕೆ ಬೇಸರ ತರಿಸಬಹುದು. ಅರ್ಥವಾಗದೆ ಕಾಡಿದ್ದು ಟರ್ಮಿನ ಕೊನೆಗೆ ಬಿಟ್ಟುಕೊಡಲಾರದ ಗೆಳೆಯನಾಗಿರಬಹುದು. ವಿಮರ್ಶೆ ಎಂಬ ದೊಡ್ಡ ಮಾತಿನ ಬೇರು ಇರುವುದು ಇಲ್ಲಿಯೇ.

ಚಹಾ, ಮಾತು, ಒಂದು ಚಿತ್ರ

ಹೊರಗೆ ಹೋದ ಚಿತ್ರಗಳ ಮಾತಾಯಿತು. ಒಳಗೆ ಉಳಿದವುಗಳ ಬಳಿಗೆ ಜನರನ್ನು ಕರೆತರುವ ಕ್ರಮವೂ ಗಮನಾರ್ಹವಾದದ್ದು. ಮಂದಿರಕ್ಕೆ ಪ್ರವೇಶಧನವಿಲ್ಲ. ತಿಂಗಳಿಗೊಂದು ಮಂಗಳವಾರ ಮಧ್ಯಾಹ್ನ ಯಾರಾದರೊಬ್ಬ ವಿದ್ವಾಂಸರು ಸಂಗ್ರಹದ ಕೃತಿಗಳನ್ನು ಕುರಿತು ಮಾತನಾಡುವುದು, ಅನಂತರ ಎಲ್ಲರೂ ಕುಳಿತು ಚಹಾ ಕುಡಿಯುವುದು ಬಹುಕಾಲ ನಡೆದುಬಂದ ಒಂದು ಪದ್ಧತಿ. ತಿಂಗಳ ಮೊದಲ ಗುರುವಾರ ಸಂಜೆ ಎಂದಿನ ಹೊತ್ತು ಮೀರಿ ಬಾಗಿಲು ತೆರೆದಿದ್ದು, ಕಲಾವಿದರೋ ಇತಿಹಾಸಜ್ಞರೋ ಉಪನ್ಯಾಸ ಕೊಡುತ್ತಿದ್ದುದು ಇನ್ನೊಂದು. ಹಗಲೆಲ್ಲ ಅಂಗಡಿಯಲ್ಲೋ ಕಛೇರಿಯಲ್ಲೋ ದುಡಿಯುವವನಿಗೆ ಹಗಲು ಮಾತ್ರ ತೆರೆದಿರುವ ಸಂಗ್ರಹಾಲಯ ಮುಚ್ಚಿದಂತೆಯೇ ಸರಿ.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ಭಾನುವಾರದ ವಿವರಣೆಗಳು. ಇವನ್ನು ನಡೆಸುವವರು ಪಂಡಿತರಲ್ಲ, ವಿದ್ಯಾರ್ಥಿಗಳು. ಚಳಿಗಾಲದ ಜನವರಿ ತಿಂಗಳಲ್ಲಿ ತರಬೇತು ಪಡೆದ ಇವರು ಒಂದೊಂದು ಭಾನುವಾರ ಒಂದೇ ಒಂದು ಕೃತಿಯನ್ನು ಆರಿಸಿಕೊಂಡು, ಅದರ ಮುಂದೆ ನಿಂತು, ಬಂದವರೊಡನೆ ಮಾತನಾಡುತ್ತಾರೆ. ಇಡೀ ಸಂಗ್ರಹದಲ್ಲಿ ೧೫,೦೦೦ಕ್ಕೂ ಮಿಕ್ಕ ಕೃತಿಗಳಿರುವಾಗ ಒಂದರ ಮುಂದೆ ನಿಲ್ಲುವುದಕ್ಕೂ ಶಿಕ್ಷಣ ಬೇಕು.

ಅಲ್ಲಿ ಎರ್ನ್ಸ್ಟ್ ಲುಡ್ವಿಗ್ ಕಿರ್ಷ್ನರ್ ಎಂಬ ಜರ್ಮನ್ ಚಿತ್ರಕಾರ ೧೯೧೫ರಲ್ಲಿ ಬರೆದ ಒಂದು ಆತ್ಮಚಿತ್ರವಿದೆ. ಸೈನಿಕನ ಸಮವಸ್ತ್ರ ತೊಟ್ಟು ನಿಂತಿದ್ದಾನೆ, ತುಟಿಯಲ್ಲಿ ಸಿಗರೇಟು, ಕಣ್ಣುಗಳಲ್ಲಿ ನೋಟವಿಲ್ಲ, ಎತ್ತಿ ಹಿಡಿದ ಬಲಗೈ ಮಣಿಕಟ್ಟಿನಲ್ಲಿ ಕಡಿದುಹೋಗಿದೆ. ವಾಸ್ತವವಾಗಿ ಅವನು ಕೈಯನ್ನು ಕಳೆದುಕೊಂಡಿರಲಿಲ್ಲ. ಸೈನ್ಯಕ್ಕೆ ಸೇರಿ ಮನಸ್ಸು ಮುರಿದ ಕಲಾವಿದನಿಗೆ ತಾನು ಇನ್ನು ಚಿತ್ರ ಬರೆಯಲಾರೆನೆಂಬ ಭಯವೇ ಆ ಮೊಂಡುಗೈಯಾಗಿ ಕಾಣಿಸಿತು. ೧೯೩೭ರಲ್ಲಿ ನಾಜಿಗಳು 'ಅಧಃಪತಿತ ಕಲೆ'ಯೆಂದು ಹೀಯಾಳಿಸುವುದಕ್ಕಾಗಿಯೇ ಏರ್ಪಡಿಸಿದ ಪ್ರದರ್ಶನದಲ್ಲಿ ಇದನ್ನು ಇಟ್ಟರು. ಮರುವರ್ಷ ಕಿರ್ಷ್ನರ್ ಆತ್ಮಹತ್ಯೆ ಮಾಡಿಕೊಂಡ. ೧೯೫೦ರಲ್ಲಿ ಓಬರ್ಲಿನ್ ಈ ಚಿತ್ರವನ್ನು ಕೊಂಡಿತು. ಸೈನ್ಯಕ್ಕೆ ಸೇರುವ ವಯಸ್ಸಿನ ಹುಡುಗನೊಬ್ಬ ಆ ಚಿತ್ರದ ಮುಂದೆ ನಿಂತು, ಊರಿನ ಮುದುಕರಿಗೂ ಮಕ್ಕಳಿಗೂ ಆ ಕಡಿದ ಕೈಯ ಅರ್ಥವನ್ನು ಹೇಳಬೇಕಾದಾಗ, ಅವನು ಎಷ್ಟು ಪುಸ್ತಕ ಓದಿದ್ದಾನೆ ಎಂಬುದು ಮುಖ್ಯವಾಗುವುದಿಲ್ಲ. ಕೇಳುವವರ ಮುಖ ನೋಡಿ ಮಾತನ್ನು ಹುಡುಕಬೇಕಾಗುತ್ತದೆ.

ಕಲಾವಿದೆಯೊಬ್ಬರ ಭೇಟಿ

ಎಲೆನ್ ಜಾನ್ಸನ್ ಮುಂದೆ ಅದೇ ಕಾಲೇಜಿನಲ್ಲಿ ಆಧುನಿಕ ಕಲೆಯ ಅಧ್ಯಾಪಕಿಯಾದರು. ಇತಿಹಾಸ ಎಂದರೆ ಸತ್ತವರ ಕಥೆ ಎಂದು ಅವರು ತಿಳಿಯಲಿಲ್ಲ. ಹೆಸರು ಇನ್ನೂ ಗಟ್ಟಿಯಾಗದ ತರುಣ ಕಲಾವಿದರನ್ನು ಆರಿಸಿ ಅವರ ಕೃತಿಗಳನ್ನು ತೋರಿಸುವ ಪ್ರದರ್ಶನಗಳ ಸಾಲನ್ನು ೧೯೬೩ರಲ್ಲಿ ಆರಂಭಿಸಿದರು. ಕಲಾವಿದರನ್ನೇ ಊರಿಗೆ ಕರೆಸಿ ವಿದ್ಯಾರ್ಥಿಗಳ ನಡುವೆ ಕೂರಿಸಿದರು. ಹೀಗೆ ೧೯೬೮ರಲ್ಲಿ ಬಂದವರಲ್ಲಿ ಈವಾ ಹೆಸ್ಸೆ ಒಬ್ಬರು.

ಹೆಸ್ಸೆಯವರ ಬಾಳು ಸುಖದ್ದಲ್ಲ. ೧೯೩೬ರಲ್ಲಿ ಹಾಂಬರ್ಗಿನ ಯೆಹೂದ್ಯ ಕುಟುಂಬದಲ್ಲಿ ಹುಟ್ಟಿದ ಮಗುವನ್ನು ಮೂರು ವರ್ಷ ತುಂಬುವಷ್ಟರಲ್ಲಿ ಅಕ್ಕನೊಡನೆ ರೈಲು ಹತ್ತಿಸಿ ಹಾಲೆಂಡಿಗೆ ಕಳುಹಿಸಬೇಕಾಯಿತು. ತಂದೆತಾಯಿಯರು ಮತ್ತೆ ಬಂದು ಕೂಡಿಕೊಂಡರು. ೧೯೩೯ರಲ್ಲಿ ಎಲ್ಲರೂ ನ್ಯೂಯಾರ್ಕ್ ಸೇರಿದರು. ಹತ್ತು ವರ್ಷ ತುಂಬುವ ಹೊತ್ತಿಗೆ ತಾಯಿ ಆತ್ಮಹತ್ಯೆ ಮಾಡಿಕೊಂಡಿದ್ದರು. ಬೆಳೆದು ಶಿಲ್ಪಿಯಾದ ಈಕೆ ಕಲ್ಲನ್ನೂ ಕಂಚನ್ನೂ ಆರಿಸಿಕೊಳ್ಳಲಿಲ್ಲ; ಹುರಿ, ಬಟ್ಟೆ, ರಬ್ಬರಿನ ಹಾಲು, ಕೊಳವೆ ಮೊದಲಾದ ಅಲ್ಪವೆನಿಸುವ ವಸ್ತುಗಳನ್ನು ಹಿಡಿದರು. ೧೯೬೬ರಲ್ಲಿ ರಚಿಸಿದ 'ಲವೋಕೂನ್' ಎಂಬ ಕೃತಿ ಆಳೆತ್ತರವನ್ನು ಮೀರಿದ ಏಣಿಯಂಥ ಚೌಕಟ್ಟು. ಬಟ್ಟೆ ಸುತ್ತಿದ ಬೂದುಬಣ್ಣದ ಹುರಿಗಳು ಮೇಲಿನಿಂದ ಕೆಳಗಿನವರೆಗೆ ಹಾವುಗಳಂತೆ ಅದರ ಮೇಲೆ ಜೋತುಬಿದ್ದಿವೆ. ಗ್ರೀಕರ ಪುರಾಣದಲ್ಲಿ ಸರ್ಪಗಳು ಸುತ್ತಿ ಕೊಂದ ಪುರೋಹಿತನ ಹೆಸರು ಅದಕ್ಕೆ. ಆದರೆ ಇಲ್ಲಿ ಪುರೋಹಿತನೂ ಇಲ್ಲ, ಸರ್ಪವೂ ಇಲ್ಲ. ಸುತ್ತಿಕೊಂಡ ಸಂಕಟವೊಂದೇ ಇದೆ.

ಈ ಕೃತಿಯನ್ನು ಓಬರ್ಲಿನ್ ಸಂಗ್ರಹಾಲಯ ೧೯೭೦ರಲ್ಲಿ ಕೊಂಡಿತು. ಅದೇ ವರ್ಷ ಮೇ ತಿಂಗಳ ೨೯ರಂದು ಹೆಸ್ಸೆ ಮಿದುಳಿನ ಗಡ್ಡೆಯಿಂದ ತೀರಿಕೊಂಡರು. ವಯಸ್ಸು ಮೂವತ್ತನಾಲ್ಕು. ಇಂದು ಜಗತ್ತಿನ ದೊಡ್ಡ ದೊಡ್ಡ ಸಂಗ್ರಹಾಲಯಗಳು ಆಕೆಯ ಕೃತಿಗಳನ್ನು ಹೆಮ್ಮೆಯಿಂದ ತೋರಿಸುತ್ತವೆ. ಆದರೆ ಆಕೆಯ ದಿನಚರಿಗಳು, ಟಿಪ್ಪಣಿಗಳು, ಪತ್ರಗಳು, ಭಾವಚಿತ್ರಗಳು ಎಲ್ಲಿವೆ? ನ್ಯೂಯಾರ್ಕಿನಲ್ಲಲ್ಲ, ಈ ಸಣ್ಣ ಊರಿನ ಕಾಲೇಜಿನಲ್ಲಿ. ೧೯೭೭ರಿಂದ ಮೊದಲುಗೊಂಡು ಅವನ್ನು ಅಲ್ಲಿಗೆ ಒಪ್ಪಿಸಿದವರು ಅಂದು ರೈಲಿನಲ್ಲಿ ತಂಗಿಯ ಜೊತೆಗಿದ್ದ ಆ ಅಕ್ಕನೇ. ೨೦೧೬ರಲ್ಲಿ ದಿನಚರಿಗಳು ಗ್ರಂಥರೂಪದಲ್ಲಿ ಪ್ರಕಟವಾದವು. ಕಲಾವಿದೆ ಬದುಕಿದ್ದಾಗ ಆದರದಿಂದ ಕರೆದು, ಮಾತನ್ನು ಕೇಳಿ, ಕೃತಿಯನ್ನು ಕೊಂಡ ಊರಿಗೆ ಆಕೆಯ ಮನಸ್ಸಿನ ಕಾಗದಗಳೂ ಬಂದು ಸೇರಿದವು. ಕಲಾವಿದರ ಭೇಟಿ ಎಂದರೆ ಹಾರ, ಭಾಷಣ, ವಂದನಾರ್ಪಣೆ ಎಂದು ತಿಳಿಯುವವರು ಇದನ್ನು ಯೋಚಿಸಬೇಕು.

ಕಾಲೇಜಿನ ಆವರಣ ಬರಿಯ ಗಂಭೀರವೂ ಅಲ್ಲ. ಕ್ಲೇಸ್ ಓಲ್ಡನ್‌ಬರ್ಗ್ ಎಂಬ ಶಿಲ್ಪಿ ವಿದ್ಯುತ್ ತಂತಿಗೆ ಸಿಕ್ಕಿಸುವ ಸಾಮಾನ್ಯ ಪ್ಲಗ್ಗನ್ನು ದೈತ್ಯಾಕಾರವಾಗಿ ಉಕ್ಕಿನಲ್ಲಿ ಮಾಡಿ, ೧೯೭೦ರಲ್ಲಿ ಅಲ್ಲಿಯ ಹುಲ್ಲಿನಲ್ಲಿ ಅರ್ಧ ಹುಗಿದಿಟ್ಟ. ೧೯೭೭ರಲ್ಲಿ ವಾಸ್ತುಶಿಲ್ಪಿ ರಾಬರ್ಟ್ ವೆಂಟೂರಿ ಹಳೆಯ ಮಂದಿರಕ್ಕೆ ಹೊಸ ಭಾಗವನ್ನು ಸೇರಿಸಿ, ಅದರ ಮೂಲೆಯಲ್ಲಿ ಹಾಸ್ಯಚಿತ್ರದಿಂದ ಇಳಿದುಬಂದಂತಿರುವ ಮರದ ದಪ್ಪ ಕಂಬವೊಂದನ್ನು ನಿಲ್ಲಿಸಿದ. ನಗುವುದಕ್ಕೂ ಅಲ್ಲಿ ಅನುಮತಿಯುಂಟು.

ಭಂಡಾರವೋ, ಬಾಗಿಲೋ?

ಇದೆಲ್ಲ ಅಷ್ಟು ಮುಖ್ಯವೇ ಎಂದು ಕೇಳುವವರಿಗೆ ಇನ್ನೊಂದು ವಿದ್ಯಾಸಂಸ್ಥೆಯ ಕಥೆಯನ್ನು ಹೇಳಬೇಕಾಗಿದೆ. ಮ್ಯಾಸಚೂಸೆಟ್ಸ್ ಸಂಸ್ಥಾನದ ಬ್ರಾಂಡೈಸ್ ವಿಶ್ವವಿದ್ಯಾನಿಲಯದ ರೋಸ್ ಕಲಾಸಂಗ್ರಹಾಲಯ ೧೯೬೧ರಲ್ಲಿ ಆರಂಭವಾಯಿತು. ಅದರ ಮೊದಲ ನಿರ್ದೇಶಕ ಸ್ಯಾಮ್ ಹಂಟರ್ ದಾನಿಗಳು ಕೊಟ್ಟ ೫೦,೦೦೦ ಡಾಲರುಗಳಲ್ಲಿ, ಯಾವ ಒಂದಕ್ಕೂ ೫,೦೦೦ ಡಾಲರಿಗಿಂತ ಹೆಚ್ಚು ಕೊಡದೆ, ಆಗಿನ ತರುಣರಾದ ವಾರ್ಹೋಲ್, ಲಿಕ್ಟನ್‌ಸ್ಟೈನ್, ರೌಷನ್‌ಬರ್ಗ್ ಮೊದಲಾದವರ ಕೃತಿಗಳನ್ನು ಕೊಂಡರು. ಕಾಲ ಕಳೆದಂತೆ ಅವುಗಳ ಬೆಲೆ ಮುಗಿಲಿಗೇರಿತು. ೨೦೦೯ರ ಜನವರಿಯಲ್ಲಿ, ಹಣದ ಮುಗ್ಗಟ್ಟಿನ ಕಾಲದಲ್ಲಿ, ಸಂಗ್ರಹಾಲಯವನ್ನು ಮುಚ್ಚಿ ಕೃತಿಗಳನ್ನು ಮಾರಬೇಕೆಂದು ವಿಶ್ವವಿದ್ಯಾನಿಲಯದ ಧರ್ಮದರ್ಶಿಗಳು ನಿರ್ಣಯಿಸಿದರು.

ಅವರ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ವಿದ್ಯಾರ್ಥಿವೇತನ ದೊಡ್ಡದೋ, ಗೋಡೆಯ ಮೇಲಿನ ಚಿತ್ರ ದೊಡ್ಡದೋ? ಆದರೆ ಯಾರ ಹಿತಕ್ಕಾಗಿ ಮಾರುತ್ತೇವೆಂದು ಹೇಳಲಾಯಿತೋ ಆ ವಿದ್ಯಾರ್ಥಿಗಳೇ ಸಂಗ್ರಹಾಲಯದಲ್ಲಿ ಬಂದು ಕುಳಿತು ಪ್ರತಿಭಟಿಸಿದರು. ಕೃತಿಗಳನ್ನು ದಾನಮಾಡಿದ ಮನೆತನಗಳು, ಕಲಾವಿದರು, ಇತರ ಸಂಗ್ರಹಾಲಯಗಳು ದನಿಗೂಡಿಸಿದವು. ಮೊಕದ್ದಮೆ ನಡೆಯಿತು. ೨೦೧೧ರಲ್ಲಿ ರಾಜಿಯಾಗಿ, ಮಾರಾಟದ ಯೋಚನೆಯನ್ನು ಕೈಬಿಡಲಾಯಿತು. ರೋಸ್ ಸಂಗ್ರಹಾಲಯ ಉಳಿಯಿತು.

ಅದನ್ನು ಉಳಿಸಿದ್ದು ಬೆಲೆಯಲ್ಲ; ಬೆಲೆಯೇ ಅದಕ್ಕೆ ಶತ್ರುವಾಗಿತ್ತು. ಉಳಿಸಿದ್ದು ಅಲ್ಲಿಗೆ ಬಂದುಹೋಗುತ್ತಿದ್ದ ಜನ. ಸಂಗ್ರಹಾಲಯ ಬರಿಯ ಭಂಡಾರವಾದರೆ ಕಷ್ಟಕಾಲದಲ್ಲಿ ಭಂಡಾರವನ್ನು ಒಡೆಯಬೇಕೆಂದು ಯಾರಿಗಾದರೂ ತೋರೀತು. ಆ ಚಿತ್ರದ ಮುಂದೆ ನಿಂತು ಮಾತನಾಡಿದವನು, ಅದರ ಕೆಳಗೆ ಕುಳಿತು ಚಹಾ ಕುಡಿದವನು, ಅದನ್ನು ತನ್ನ ಕೋಣೆಯಲ್ಲಿ ನಾಲ್ಕು ತಿಂಗಳು ತೂಗುಹಾಕಿಕೊಂಡಿದ್ದವನು ಮಾತ್ರ 'ಇದು ನಮ್ಮದು' ಎಂದು ಅಡ್ಡ ನಿಲ್ಲಬಲ್ಲ. ಉಪನ್ಯಾಸ, ಸಂಜೆಯ ಕೂಟ, ಕಲಾವಿದರ ಭೇಟಿ ಇವು ಸಂಗ್ರಹಾಲಯದ ಅಲಂಕಾರಗಳಲ್ಲ, ಅದರ ಅಡಿಪಾಯ.

ನಮ್ಮಲ್ಲಿಯೂ ಈ ಮಾತಿಗೆ ಸಾಕ್ಷಿಯಿಲ್ಲದಿಲ್ಲ. ಬೆಂಗಳೂರಿನ ಚಿತ್ರಕಲಾ ಪರಿಷತ್ತು ಕಲಾಶಾಲೆಯೂ ಹೌದು, ಸಂಗ್ರಹಾಲಯವೂ ಹೌದು. ಅಲ್ಲಿಯ ಚಿತ್ರಸಂತೆಯ ದಿನ ಕುಮಾರಕೃಪಾ ರಸ್ತೆಯ ಉದ್ದಕ್ಕೂ ಚಿತ್ರಗಳನ್ನು ನಿಲ್ಲಿಸಿಕೊಂಡು ಕುಳಿತ ಕಲಾವಿದರ ಮುಂದೆ ಜನ ತೇರಿಗೆ ಸೇರಿದಂತೆ ಸೇರುತ್ತಾರೆ. ಮರುದಿನ ಅದೇ ಆವರಣದ ಒಳಗಿನ ರೋರಿಕ್ ಚಿತ್ರಗಳ ಬಳಿಗೂ ಅವರಲ್ಲಿ ಕೆಲವರಾದರೂ ಬಂದರೆ ಸಂತೆ ಪೂರ್ಣವಾದೀತು.

ಎಲೆನ್ ಜಾನ್ಸನ್ ೧೯೯೨ರಲ್ಲಿ ತೀರಿಕೊಂಡರು. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ರಚಿಸಿದ ಮನೆಯೊಂದನ್ನು ಓಬರ್ಲಿನ್ನಿನಲ್ಲಿ ೧೯೬೮ರಲ್ಲಿ ಕೊಂಡು, ಹಾಳಾಗಿದ್ದುದನ್ನು ಸರಿಪಡಿಸಿ ಅದರಲ್ಲಿ ವಾಸವಾಗಿದ್ದ ಅವರು ಕೊನೆಗೆ ಅದನ್ನೂ ಕಾಲೇಜಿಗೆ ಬಿಟ್ಟುಹೋದರು. ಅದೂ ಈಗ ಜನ ನೋಡಬಹುದಾದ ಮನೆ. ಬಾಳಿನುದ್ದಕ್ಕೂ ಅವರು ಮಾಡಿದ್ದು ಒಂದೇ ಕೆಲಸ: ಬೆಲೆಯುಳ್ಳದ್ದನ್ನು ಬೀಗದ ಒಳಗಿನಿಂದ ತೆಗೆದು ಇನ್ನೊಬ್ಬರ ಕೈಯಲ್ಲಿಡುವುದು. ಹಾಗೆ ಚಿತ್ರ ಪಡೆದ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಕಲಾವಿದರಾಗಿರಲಾರರು. ವೈದ್ಯರೋ ವಕೀಲರೋ ಗೃಹಿಣಿಯರೋ ಆಗಿ ದೇಶದೆಲ್ಲೆಡೆ ಚೆದುರಿಹೋಗಿರಬೇಕು. ಆದರೆ ಎಂದೋ ಒಂದು ಚಳಿಯ ರಾತ್ರಿ ಬಯಲಿನಲ್ಲಿ ಮಲಗಿ ಪಡೆದ ಆ ಚಿತ್ರವನ್ನು ಟರ್ಮಿನ ಕೊನೆಯಲ್ಲಿ ಹಿಂದಕ್ಕೆ ಒಪ್ಪಿಸಿದ ಮೇಲೂ, ಕೋಣೆಯ ಬರಿಗೋಡೆಯಲ್ಲಿ ಉಳಿದ ಮೊಳೆಯ ಕಡೆಗೆ ಅವರ ಕಣ್ಣು ಹೊರಳಿರಬೇಕು. ಆ ಹೊರಳುವಿಕೆಗೆ ಐದು ಡಾಲರು ಹೆಚ್ಚಲ್ಲ.